ಚಕ್ಕಡಿ ದಾರಿಯಿಂದ ಡಾಂಬರು ರಸ್ತೆಗೆ: ಕಲಿಕಾ ಲೈಸೆನ್ಸಿನ ಪ್ರಶ್ನೆ

ನವಲಗುಂದದ ಎರೆಹೊಲಗಳಲ್ಲಿ ಹಿಂಗಾರಿ ಬಿತ್ತನೆಯ ಹೊತ್ತಿಗೆ ಒಂದು ದೃಶ್ಯ ದಿನವೂ ಕಾಣುತ್ತದೆ. ಟ್ರ್ಯಾಕ್ಟರ್ ಹೊಲ ಬಿಟ್ಟು ಡಾಂಬರು ಏರುತ್ತದೆ. ದೊಡ್ಡ ಗಾಲಿಗೆ ಮೆತ್ತಿದ್ದ ಕಪ್ಪು ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ರಸ್ತೆಯ ಮೇಲೆ ಬೀಳುತ್ತದೆ. ಮೊದಲ ಹೆಂಟೆ ಬಿದ್ದ ಜಾಗದಲ್ಲೇ ಕಾನೂನಿನ ಗಡಿಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 3ನೇ ಕಲಂ ಲೈಸೆನ್ಸ್ ಕೇಳುವುದು ‘ಸಾರ್ವಜನಿಕ ಸ್ಥಳ’ದಲ್ಲಿ ವಾಹನ ಓಡಿಸುವವರನ್ನು. ಅಪ್ಪನ ಹೊಲದಲ್ಲಿ ಹದಿನೈದರ ಹುಡುಗ ಟ್ರ್ಯಾಕ್ಟರ್ ಹೊಡೆದರೆ ಆ ಕಲಂ ಅವನನ್ನು ಮುಟ್ಟುವುದಿಲ್ಲ. ಅದೇ ಹುಡುಗ ಅದೇ ಗಾಡಿಯನ್ನು ರಸ್ತೆಗೆ ತಂದನೋ, ಅವನೂ ತಪ್ಪಿತಸ್ಥ, ಕೀಲಿ ಕೊಟ್ಟ ಅಪ್ಪನೂ ತಪ್ಪಿತಸ್ಥ.

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳಲ್ಲಿ ‘ಎಲ್‌ಎಲ್’ ಅಥವಾ ‘ಎಲ್‌ಎಲ್‌ಆರ್’ ಎಂದು ಕರೆಯುವ ಕಲಿಕಾ ಲೈಸೆನ್ಸಿನ ಚರ್ಚೆಯೆಲ್ಲ ಕೊನೆಗೆ ಈ ಗಡಿಗೇ ಬಂದು ನಿಲ್ಲುತ್ತದೆ. ಮೊದಲು ಕಾಗದ, ಆಮೇಲೆ ಕಲಿಕೆ ಎಂದು ಕಾಯ್ದೆ ಎಣಿಸಿದೆ. ಇಲ್ಲಿ ಗಾಡಿ ಹೊಡೆಯುವುದನ್ನು ಕಲಿತು ನಾಲ್ಕೈದು ವರ್ಷವಾದ ಮೇಲೆ, “ಇನ್ನ ಲೈಸೆನ್ಸ್ ತಗಸಬೇಕ್ರಿ” ಎಂಬ ಮಾತು ಬರುತ್ತದೆ. ಈ ಅಂತರವನ್ನು ತುಂಬುವುದು ಹೇಗೆ ಎಂಬುದಕ್ಕೆ ಪೊಲೀಸರ ಬಳಿ ಒಂದು ಉತ್ತರವಿದೆ, ಊರವರ ಬಳಿ ಇನ್ನೊಂದು, ಅರ್ಥಶಾಸ್ತ್ರಜ್ಞರ ಬಳಿ ಮತ್ತೊಂದು.

ಕಾಯ್ದೆ ನಡೆದು ಬಂದ ದಾರಿ

ಭಾರತಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯ್ದೆ ಬಂದದ್ದು 1914ರಲ್ಲಿ. ಅದನ್ನು ತೆಗೆದು 1939ರ ಕಾಯ್ದೆ ತಂದರು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಕಲಿಯುವವರು ಯಾವ ಷರತ್ತಿನ ಮೇಲೆ ರಸ್ತೆಗಿಳಿಯಬಹುದು ಎಂಬುದನ್ನು ಗೊತ್ತುಮಾಡುವ ಅಧಿಕಾರ ಆಗ ಪ್ರಾಂತ್ಯ ಸರ್ಕಾರಗಳದಾಗಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಬಹುಕಾಲ ಇದು ಹಳ್ಳಿಯ ಪ್ರಶ್ನೆ ಆಗಿರಲಿಲ್ಲ. ಊರಿನಲ್ಲಿ ಚಕ್ಕಡಿ ಇತ್ತು, ಸೈಕಲ್ ಇತ್ತು, ಮೋಟಾರು ಎಂದರೆ ಬಸ್ಸು. ಚಕ್ಕಡಿಗೆ ಲೈಸೆನ್ಸ್ ಬೇಕಿರಲಿಲ್ಲ. ಎತ್ತಿನ ಹಗ್ಗ ಹಿಡಿಯುವ ವಯಸ್ಸನ್ನು ಮನೆಯ ಹಿರಿಯರು ತೀರ್ಮಾನಿಸುತ್ತಿದ್ದರು. ಆ ರೂಢಿಯೇ ಎತ್ತಿನ ಹಗ್ಗದಿಂದ ಟ್ರ್ಯಾಕ್ಟರಿನ ಸ್ಟೇರಿಂಗಿಗೆ ದಾಟಿಕೊಂಡಿತು ಎಂಬುದು ನನ್ನ ನಂಬಿಕೆ. ಕಾಯ್ದೆ ಮುರಿಯಬೇಕೆಂಬ ಹಟ ಇದರಲ್ಲಿಲ್ಲ. ದುಡಿಮೆಯ ಸಲಕರಣೆಯನ್ನು ಮಗನ ಕೈಗೆ ಕೊಡುವ ಹಳೆಯ ಕ್ರಮ ಇದು.

1980ರಲ್ಲಿ ಟಿವಿಎಸ್ 50 ಮೊಪೆಡ್ ಬಂದಿತು. ಹಾಲಿನ ಕ್ಯಾನು, ಮೇವಿನ ಹೊರೆ, ಸಂತೆಯ ಚೀಲ ಎಲ್ಲವನ್ನೂ ಹೊತ್ತ ಆ ಸಣ್ಣ ಗಾಡಿ ಹಳ್ಳಿಯ ಮನೆಗಳಿಗೆ ಮೊದಲ ಸಲ ಮೋಟಾರನ್ನು ತಂದಿತು. ಈಗಿನ ಕಾಯ್ದೆ 1989ರ ಜುಲೈ 1ರಂದು ಜಾರಿಯಾದಾಗ, ಗೇರ್ ಇಲ್ಲದ ಮೋಟಾರ್ ಸೈಕಲ್ಲಿಗೆ (1994ರ ತಿದ್ದುಪಡಿಯ ನಂತರ 50 ಸಿಸಿ ಮೀರದ್ದಕ್ಕೆ) 16 ವರ್ಷ, ಉಳಿದವಕ್ಕೆ 18, ಬಾಡಿಗೆ ಮತ್ತು ಸರಕು ವಾಹನಗಳಿಗೆ 20 ಎಂದು ವಯಸ್ಸು ಗೊತ್ತುಮಾಡಿತು. ಕಾಲೇಜಿಗೆ ಹೋಗುವ ಹುಡುಗನಿಗೆ ತಂದೆತಾಯಿಯ ಒಪ್ಪಿಗೆಯ ಮೇಲೆ ಎಲ್‌ಎಲ್ ಸಿಗುವ ಬಾಗಿಲು ಹೀಗೆ ತೆರೆದಿತ್ತು. ಇಂದೂ ಪುಸ್ತಕದಲ್ಲಿ ಅದು ತೆರೆದೇ ಇದೆ, ಅಂಗಡಿಯಲ್ಲಿ ಮಾತ್ರ ಅಂಥ ಗಾಡಿ ಸಿಗುವುದಿಲ್ಲ. ರೈತರು ಈಗ ಕೊಳ್ಳುವ ಎಕ್ಸ್‌ಎಲ್ 100ರ ಎಂಜಿನ್ 99.7 ಸಿಸಿ. ನೋಡಲು ಅದೇ ಮೊಪೆಡ್, ಓಡಿಸುವ ರೀತಿಯೂ ಅದೇ, ಆದರೆ ವಯಸ್ಸು 18 ಆಗಿರಬೇಕು.

ಆರು ತಿಂಗಳ ಕಾಗದ

ಕಲಿಕಾ ಲೈಸೆನ್ಸಿನ ಆಯುಸ್ಸು ಆರು ತಿಂಗಳು. ಅದು ಸಿಕ್ಕ 30 ದಿನಗಳ ನಂತರವೇ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ನಿಲ್ಲಬಹುದು. ಅಲ್ಲಿಗೆ ಕೈಯಲ್ಲಿ ಉಳಿಯುವುದು ಐದು ತಿಂಗಳು. ಒಮ್ಮೆ ನಪಾಸಾದರೆ ಏಳು ದಿನ ಕಾಯಬೇಕು, ಮೂರು ಸಲ ನಪಾಸಾದರೆ 60 ದಿನ. 2016ರ ಡಿಸೆಂಬರ್‌ವರೆಗೆ 30 ರೂಪಾಯಿ ಇದ್ದ ಎಲ್‌ಎಲ್ ಶುಲ್ಕ ಆಗ ಪ್ರತಿ ವರ್ಗದ ವಾಹನಕ್ಕೆ 150 ಆಯಿತು, ಪರೀಕ್ಷೆಗೆ 50 ಬೇರೆ. ಬೈಕು ಮತ್ತು ಕಾರು ಎರಡಕ್ಕೂ ಬೇಕೆಂದರೆ ಎರಡು ಪಟ್ಟು.

ಜನ ‘ರಿನಿವಲ್’ ಅನ್ನುತ್ತಾರೆ. ಆದರೆ ಆರು ತಿಂಗಳು ಮುಗಿದ ಎಲ್‌ಎಲ್‌ಗೆ ನಡೆಯುವುದು ಬಹುಮಟ್ಟಿಗೆ ಹೊಸ ಅರ್ಜಿ, ಹೊಸ ಶುಲ್ಕ. ಈ ಅವಧಿಯನ್ನು ಒಕ್ಕಲುತನದ ಪಂಚಾಂಗದ ಮೇಲೆ ಇಟ್ಟು ನೋಡಬೇಕು. ಮಿರಗದ ಮಳೆಯ ಹೊತ್ತಿಗೆ, ಜೂನ್ ತಿಂಗಳಲ್ಲಿ ಎಲ್‌ಎಲ್ ಮಾಡಿಸಿದವನು ಮುಂಗಾರಿ ಬಿತ್ತುತ್ತಾನೆ, ಎಡೆ ಹೊಡೆಯುತ್ತಾನೆ. ಆಗಸ್ಟಿನಲ್ಲಿ ಹೆಸರು ಬಿಡಿಸುವ ಕೆಲಸ. ಅದು ಮುಗಿಯಿತೆನ್ನುವಷ್ಟರಲ್ಲಿ ಕಡಲೆ, ಜೋಳದ ಹಿಂಗಾರಿ ಬಿತ್ತನೆ, ಅದರ ಬೆನ್ನಿಗೇ ಹತ್ತಿ ಬಿಡಿಸುವುದು. ಕೈ ಬಿಡುವಾಗುವ ಹೊತ್ತಿಗೆ ಡಿಸೆಂಬರ್ ಬಂದಿರುತ್ತದೆ, ಕಾಗದ ಸತ್ತಿರುತ್ತದೆ. ನನ್ನ ಮೊದಲ ಎಲ್‌ಎಲ್ ಹೀಗೆಯೇ ಹೋಯಿತು. ಪರೀಕ್ಷೆಗೆ ಅಂದುಕೊಂಡ ದಿನ ಹೊಲದಲ್ಲಿ ಹೆಸರುಕಾಯಿ ಒಣಗಿ ಸಿಡಿಯುತ್ತಿತ್ತು, ಮುಗಿಲು ಕಪ್ಪಾಗಿತ್ತು. ಹೊಲ ಬಿಟ್ಟು ಹುಬ್ಬಳ್ಳಿಗೆ ಹೋಗುವ ಮನಸ್ಸು ಯಾರಿಗೆ ಬರುತ್ತದೆ?

ಅವಧಿಯನ್ನು ಚಿಕ್ಕದಾಗಿ ಇಟ್ಟದ್ದಕ್ಕೆ ಕಾರಣವಿದೆ. ಅದು ಉದ್ದವಾದಷ್ಟೂ ಜನ ಪರೀಕ್ಷೆಗೇ ಹೋಗದೆ ಕಲಿಯುವವರಾಗಿಯೇ ಉಳಿದುಬಿಡುತ್ತಾರೆ ಎಂಬುದು ಆ ವಾದ. ಬ್ರಿಟನ್ನಿನಲ್ಲಿ ಕಲಿಕೆಯ ಲೈಸೆನ್ಸ್ ಹತ್ತು ವರ್ಷ ನಡೆಯುತ್ತದೆ, ಲಿಖಿತ ಪರೀಕ್ಷೆಯ ಫಲಿತಾಂಶಕ್ಕೆ ಮಾತ್ರ ಎರಡು ವರ್ಷದ ಮಿತಿ. ನಮ್ಮಲ್ಲೂ ಅವಧಿ ಒಮ್ಮೆ ಸಡಿಲವಾಗಿದೆ. ಕೊರೊನಾ ಕಾಲದಲ್ಲಿ, 2020ರ ಫೆಬ್ರುವರಿ 1ರ ನಂತರ ಮುಗಿದ ಲೈಸೆನ್ಸ್ ಮತ್ತು ವಾಹನ ದಾಖಲೆಗಳನ್ನು ಕೇಂದ್ರ ಸರ್ಕಾರ ಕಂತುಕಂತಾಗಿ 2021ರ ಅಕ್ಟೋಬರ್ 31ರವರೆಗೆ ಊರ್ಜಿತ ಎಂದು ಪರಿಗಣಿಸಿತು. ಅಂದಮೇಲೆ ಆರು ತಿಂಗಳು ಎಂಬುದು ಕಲ್ಲಿನ ಮೇಲೆ ಕೊರೆದ ಗೆರೆಯೇನಲ್ಲ.

ಬಿಗಿ ಬೇಕು ಎನ್ನುವವರು

ಮೊದಲ ಪಕ್ಷದ್ದು ನೇರ ಮಾತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಗ್ರಾಮೀಣ ಪ್ರದೇಶದ ಅಪಘಾತಗಳಲ್ಲಿ ಸತ್ತವರು, ಶೇಕಡ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಹಳ್ಳಿಯ ರಸ್ತೆಯಲ್ಲಿ ಏನಾದೀತು ಎಂಬ ಸಮಾಧಾನಕ್ಕೆ ಈ ಅಂಕಿಗಳ ಮುಂದೆ ಜಾಗವಿಲ್ಲ. 2019ರ ತಿದ್ದುಪಡಿ ಈ ಪಕ್ಷದ ಕೈ ಬಲಪಡಿಸಿತು. ಲೈಸೆನ್ಸ್ ಇಲ್ಲದೆ ಓಡಿಸಿದರೆ ಇದ್ದ 500 ರೂಪಾಯಿ ದಂಡವನ್ನು ಕೇಂದ್ರ ಕಾಯ್ದೆ 5,000ಕ್ಕೆ ಏರಿಸಿತು. (ಕರ್ನಾಟಕ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಲವು ದಂಡಗಳನ್ನು ಇಳಿಸಿತು ಎಂಬುದೂ ನಿಜ.) ಹೊಸದಾಗಿ ಸೇರಿದ 199ಎ ಕಲಂ ಇನ್ನೂ ಕಠಿಣ. ಬಾಲಕ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್ ಕೂಡ ಸಿಗುವುದಿಲ್ಲ.

ಹಳ್ಳಿಯ ಮನೆಗಳಿಗೆ ದಂಡಕ್ಕಿಂತ ದೊಡ್ಡ ಹೊಡೆತ ವಿಮೆಯದು, ಅದರ ಬಗ್ಗೆ ಮಾತು ಮಾತ್ರ ಕಡಿಮೆ. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಕಲಿಕಾ ಲೈಸೆನ್ಸೂ ಲೈಸೆನ್ಸೇ, ಆದ್ದರಿಂದ ಎಲ್‌ಎಲ್ ಇದ್ದವನಿಂದ ಅಪಘಾತವಾದರೂ ವಿಮಾ ಕಂಪನಿ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ. ಲೈಸೆನ್ಸೇ ಇಲ್ಲದವನ ಕೈಗೆ ಮಾಲೀಕ ತಿಳಿದೂ ಗಾಡಿ ಕೊಟ್ಟಿದ್ದರೆ, ಕಂಪನಿ ಗಾಯಗೊಂಡವರಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಬಹುದು. ನಾಲ್ಕು ಎಕರೆ ಎರೆಹೊಲದ ಒಕ್ಕಲಿಗನಿಗೆ ಇದರ ಅರ್ಥ ಹೊಲ ಮಾರುವುದು. 150 ರೂಪಾಯಿಯ ಕಾಗದ ಹೊಲವನ್ನು ಕಾಯುತ್ತದೆ ಎಂದು ಗ್ರಾಮಸಭೆಯಲ್ಲಿ ಯಾರಾದರೂ ಬಿಡಿಸಿ ಹೇಳಿದರೆ, ಪೊಲೀಸರ ದಂಡದ ಹೆದರಿಕೆಗಿಂತ ಅದು ಬೇಗ ನಾಟುತ್ತದೆ.

ಬಿಗಿ ಎಷ್ಟೇ ಆದರೂ ಹದಿನಾರರ ಹುಡುಗ ಎಲ್ಲಿ ಕಲಿಯಬೇಕು ಎಂದು ಮಾತ್ರ ಈ ಪಕ್ಷ ಹೇಳುವುದಿಲ್ಲ.

ದೂರವೇ ಅಡ್ಡಿ ಎನ್ನುವವರು

ಎರಡನೆಯ ಪಕ್ಷದವರು ನಕ್ಷೆ ಬಿಚ್ಚುತ್ತಾರೆ. ಜಿಲ್ಲೆಯ ನೋಂದಣಿ ಸಂಖ್ಯೆಗಳು ಕೆಎ-25 ಮತ್ತು ಕೆಎ-63. ಎರಡೂ ಆರ್‌ಟಿಒ ಕಚೇರಿಗಳು ಹುಬ್ಬಳ್ಳಿ-ಧಾರವಾಡದ ಕಡೆಗೇ ಇವೆ. ನವಲಗುಂದ ಮತ್ತು ಅಣ್ಣಿಗೇರಿ ಹುಬ್ಬಳ್ಳಿಯಿಂದ ಹೆಚ್ಚುಕಡಿಮೆ 35 ಕಿಲೋಮೀಟರ್, ಕಲಘಟಗಿ 30ರ ಸುತ್ತ, ಕುಂದಗೋಳ ಹತ್ತಿರ. ಇದು ತಾಲ್ಲೂಕು ಊರುಗಳ ಲೆಕ್ಕ. ಒಳಗಿನ ಹಳ್ಳಿಯವನು ಮೊದಲು ತಾಲ್ಲೂಕಿಗೆ ಬರಬೇಕು. ಬೆಣ್ಣಿಹಳ್ಳ ತುಂಬಿದ ದಿನ ಅದೂ ಇಲ್ಲ. ಒಂದು ಸಹಿಗಾಗಿ ಒಂದು ದಿನದ ಕೂಲಿ ಹೋದರೆ, ಎರಡನೇ ಸಲ ಬನ್ನಿ ಎಂದಾಗ ಜನ ಬರುವುದೇ ಇಲ್ಲ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿ ಟಿಕೆಟ್ಟಿನ ಖರ್ಚು ಉಳಿಯಿತು, ದಿನದ ದುಡಿಮೆ ಮಾತ್ರ ಉಳಿಯಲಿಲ್ಲ.

ಓದಿನ ಪ್ರಶ್ನೆಯನ್ನೂ ಈ ಪಕ್ಷವೇ ಮುಂದಿಟ್ಟಿತು. ಸರಕು ಮತ್ತು ಬಾಡಿಗೆ ವಾಹನದ ಚಾಲಕರು ಎಂಟನೆಯ ತರಗತಿ ಪಾಸಾಗಿರಬೇಕು ಎಂಬ ನಿಯಮ ಹಲವು ವರ್ಷ ಜಾರಿಯಲ್ಲಿತ್ತು. ಟಂಟಂ ಓಡಿಸಿ ಹೊಟ್ಟೆ ಹೊರೆಯುವ, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರನ್ನು ಅದು ಹೊರಗೇ ನಿಲ್ಲಿಸಿತು. 2019ರಲ್ಲಿ ಕೇಂದ್ರ ಅದನ್ನು ತೆಗೆದುಹಾಕಿತು. ಸರಿಯಾದ ಕೆಲಸ. ರಸ್ತೆಯ ಚಿಹ್ನೆ ಓದುವುದಕ್ಕೂ ಅಂಕಪಟ್ಟಿಗೂ ಸಂಬಂಧ ದೂರದ್ದು.

ದೊಡ್ಡ ಬದಲಾವಣೆ 2021ರದು. ಆ ಮಾರ್ಚಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆಧಾರ್ ದೃಢೀಕರಣದ ಮೇಲೆ 18 ಸೇವೆಗಳನ್ನು ಕಚೇರಿಗೆ ಹೋಗದೆ ಪಡೆಯಲು ಅವಕಾಶ ಮಾಡಿತು. ಕಲಿಕಾ ಲೈಸೆನ್ಸ್ ಅದರಲ್ಲಿ ಒಂದು. ‘ಸಾರಥಿ’ ತಾಣದಲ್ಲಿ ಅರ್ಜಿ ತುಂಬಿ, ಸುರಕ್ಷತೆಯ ವಿಡಿಯೊ ನೋಡಿ, ಕ್ಯಾಮೆರಾದ ಮುಂದೆ ಕೂತು ಪರೀಕ್ಷೆ ಬರೆದರೆ ಎಲ್‌ಎಲ್ ಕೈಗೆ ಬರುತ್ತದೆ. ಪ್ರಶ್ನೆಗಳು ಕನ್ನಡದಲ್ಲೂ ಇವೆ, ಶೇಕಡ 60 ಸರಿಯಾದರೆ ಪಾಸು.

ಕುಂದಗೋಳದ ಒಂದು ಸೈಬರ್ ಸೆಂಟರಿನಲ್ಲಿ ನಾನು ಕಂಡದ್ದು ಇದು. ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಸ್ಕೂಟಿಗೆ ಎಲ್‌ಎಲ್ ಮಾಡಿಸಲು ಬಂದಿದ್ದರು. ತಲೆಯ ಮೇಲೆ ಸೆರಗು. ಕ್ಯಾಮೆರಾ ಮುಖ ಹಿಡಿಯಲಿಲ್ಲ. “ಅಕ್ಕಾರ, ಸೆರಗು ಒಂದೀಟು ಹಿಂದ ಸರಸ್ರಿ” ಎಂದ ಅಂಗಡಿಯ ಹುಡುಗ. ಸರಿಸಿದರು. ಮುಖ ಸಿಕ್ಕಿತು, ಕರೆಂಟು ಹೋಯಿತು. ಕರೆಂಟು ಬಂದಾಗ ಒಟಿಪಿ ಹೋದದ್ದು ಗಂಡನ ಮೊಬೈಲಿಗೆ, ಗಂಡ ಇದ್ದದ್ದು ಹೊಲದಲ್ಲಿ. ಆದರೂ ಆಕೆ ಎದ್ದು ಹೋಗಲಿಲ್ಲ. ಸಂಜೆ ಐದಕ್ಕೆ ಪರೀಕ್ಷೆ ಶುರುವಾಯಿತು. ಪ್ರಶ್ನೆಯನ್ನು ತುಟಿ ಅಲುಗಿಸುತ್ತ ಓದಿ, ಬೆರಳಿಟ್ಟು ಒತ್ತುತ್ತಿದ್ದರು. ಪಾಸಾದರು. ಇನ್ನೊಂದು ದಿನ ಅದೇ ಕುರ್ಚಿಯಲ್ಲಿ ಕೂತ ಬೇರೊಬ್ಬರಿಗೆ ಪಕ್ಕದಲ್ಲಿ ನಿಂತವನು, “ಎರಡನೇದು ಒತ್ತ್ರಿ ಕಾಕಾ” ಎನ್ನುತ್ತಿದ್ದ. ದೂರ ಅಳಿಯಿತು, ನಿಜ. ಕಲಿತವರು ಮತ್ತು ಒತ್ತಿಸಿಕೊಂಡವರು ಇಬ್ಬರಿಗೂ ಒಂದೇ ಕಾಗದ ಸಿಕ್ಕಿತು, ಅದೂ ನಿಜ.

ಏಜೆಂಟರ ಲೆಕ್ಕ

ಮೂರನೆಯ ಪಕ್ಷದ್ದು ಅರ್ಥಶಾಸ್ತ್ರದ ನೋಟ. ಮರಿಯಾನ್ ಬರ್ಟ್ರಾಂಡ್, ಸಿಮಿಯನ್ ಜ್ಯಾಂಕೊವ್, ರೆಮಾ ಹನ್ನಾ, ಸೆಂಧಿಲ್ ಮುಲ್ಲೈನಾಥನ್ ಎಂಬ ನಾಲ್ವರು ದೆಹಲಿಯಲ್ಲಿ 822 ಅರ್ಜಿದಾರರನ್ನು ಹಿಂಬಾಲಿಸಿ ಅಧ್ಯಯನ ಮಾಡಿದರು, ಅದು ಪ್ರಕಟವಾದದ್ದು 2007ರಲ್ಲಿ. ಲೈಸೆನ್ಸ್ ಪಡೆದವರಲ್ಲಿ ಶೇಕಡ 71 ಜನ ಪರೀಕ್ಷೆಯನ್ನೇ ಎದುರಿಸಿರಲಿಲ್ಲ. ಸಂಶೋಧಕರು ಬೇರೆಯಾಗಿ ಪರೀಕ್ಷೆ ಮಾಡಿಸಿದಾಗ ಶೇಕಡ 62 ಜನಕ್ಕೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಬಹುತೇಕ ಹಣ ಕೈ ಬದಲಾದದ್ದು ಏಜೆಂಟರ ಮೂಲಕ, ನೇರ ಕೈಬಿಸಿ ಕಂಡದ್ದು ಕಡಿಮೆ. ಮನಸ್ಸು ಮಾಡಿ ಚಾಲನೆ ಕಲಿತು ಹೋದವರಿಗೂ ಏಜೆಂಟರ ದಾರಿಯೇ ಸುಲಭವಾಗಿ ಕಂಡಿತ್ತು.

ದೆಹಲಿಯ ಇಪ್ಪತ್ತು ವರ್ಷ ಹಿಂದಿನ ಲೆಕ್ಕವನ್ನು ಇಂದಿನ ಕಲಘಟಗಿಗೆ ಹಾಗೆಯೇ ಹಚ್ಚಲಾಗದು. ಆದರೂ ಈ ಅಧ್ಯಯನದಿಂದ ಎತ್ತಿಕೊಳ್ಳಬೇಕಾದ ಒಂದು ಸಂಗತಿಯಿದೆ: ಅರ್ಜಿಯ ದಾರಿ ತೊಡಕಾದಷ್ಟೂ ಏಜೆಂಟರಿಗೆ ಕೆಲಸ ಹೆಚ್ಚುತ್ತದೆ. ನಮ್ಮ ಕಡೆಯ ಏಜೆಂಟ್ ಅನೇಕ ಸಲ ಪಕ್ಕದೂರಿನ ಪರಿಚಯದವನೇ. ಅರ್ಜಿ ತುಂಬುತ್ತಾನೆ, ದಿನ ಗೊತ್ತುಮಾಡುತ್ತಾನೆ, ಕರೆದುಕೊಂಡೂ ಹೋಗುತ್ತಾನೆ. ಅವನು ಮಾಡುವುದರಲ್ಲಿ ಅರ್ಧ ನಿಜವಾದ ಸೇವೆ. ಆ ಅರ್ಧವನ್ನು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಸರ್ಕಾರವೇ ಕೊಟ್ಟರೆ ಉಳಿದರ್ಧಕ್ಕೆ ಗಿರಾಕಿ ತಾನಾಗಿ ಕಡಿಮೆಯಾಗುತ್ತಾನೆ ಎಂದು ನನಗನ್ನಿಸುತ್ತದೆ.

ಕಲಿಸುವವರು ಯಾರು?

ನನ್ನ ಒಲವು ನಾಲ್ಕನೆಯ ಪಕ್ಷದ ಕಡೆಗೆ. ಕಾಗದದ ಮಾತನ್ನು ಬದಿಗಿಟ್ಟು ಕಲಿಕೆಯನ್ನೇ ನೋಡಿ ಎನ್ನುವವರು ಇವರು.

ನಿಯಮದ ಪ್ರಕಾರ ಕಲಿಯುವವರ ಜೊತೆ ಪಕ್ಕಾ ಲೈಸೆನ್ಸ್ ಇರುವ ಬೋಧಕ, ಗಾಡಿ ನಿಲ್ಲಿಸಲು ಆಗುವಂತೆ ಕೂತಿರಬೇಕು. ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ ಇರಬೇಕು. ಕಾರಿಗೆ ಇದು ಹೊಂದುತ್ತದೆ. ಟ್ರ್ಯಾಕ್ಟರಿನಲ್ಲಿ ಬೋಧಕ ಕೂರುವುದು ಎಲ್ಲಿ? ಮಡ್‌ಗಾರ್ಡಿನ ಮೇಲೆ. ಹೊಲಗಳಲ್ಲಿ ಅಪ್ಪಂದಿರು ಮಕ್ಕಳಿಗೆ ಕಲಿಸುವುದು ಅಲ್ಲಿ ಕೂತೇ, ಜಾರಿ ಗಾಲಿಯಡಿ ಬೀಳುವ ಅಪಾಯ ಇರುವುದೂ ಅಲ್ಲಿಯೇ. ನನಗೆ ಟಿವಿಎಸ್ ಕಲಿಸಿದವರು ನಮ್ಮ ಕಾಕಾ. ಹಿಂದಿನ ಕ್ಯಾರಿಯರ್ ಹಿಡಿದು ಊರ ಹೊರಗಿನ ಚಕ್ಕಡಿ ದಾರಿಯಲ್ಲಿ ಓಡಿಬರುತ್ತಿದ್ದರು. “ಮುಂದ ನೋಡ ತಮ್ಮಾ, ಗಾಲಿ ನೋಡಬ್ಯಾಡ” ಎಂಬ ಅವರ ಮಾತು ಯಾವ ಪರೀಕ್ಷೆಯ ಪ್ರಶ್ನೆಯಲ್ಲೂ ನನಗೆ ಮತ್ತೆ ಸಿಗಲಿಲ್ಲ. ಆದರೆ ರಾತ್ರಿ ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದಾಗ ಏನು ಮಾಡಬೇಕೆಂದು ಕಾಕಾ ಹೇಳಲಿಲ್ಲ. ಅವರು ರಾತ್ರಿ ಗಾಡಿ ಹೊಡೆದವರಲ್ಲ.

ಪರೀಕ್ಷೆಯ ಅಂಗಳದಲ್ಲಿ ‘ಎಂಟು’ ಹೊಡೆದು ತೋರಿಸಿದರೆ ಆಯಿತು. ನಮ್ಮ ರಸ್ತೆಯ ಅಪಾಯಗಳೇ ಬೇರೆ: ಡಾಂಬರಿನ ಮೇಲೆ ಹರವಿದ ರಾಶಿ, ಮೊದಲ ಮಳೆಗೆ ಎರೆಮಣ್ಣು ಬಿದ್ದು ಎಣ್ಣೆಯಂತಾದ ತಿರುವು, ಕಲಘಟಗಿಯಿಂದ ಹಳಿಯಾಳದ ಕಾರ್ಖಾನೆಯ ಕಡೆ ಹಿಂದಿನ ದೀಪವಿಲ್ಲದೆ ಹೊರಟ ಕಬ್ಬಿನ ಟ್ರೈಲರ್, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಗೆ ಹಳ್ಳಿಯ ದಾರಿ ಒಮ್ಮೆಲೇ ಕೂಡುವ ಜಾಗ. ಇವನ್ನು ಕಲಿಸುವ ಪಾಠ ಎಲ್ಲೂ ಇಲ್ಲ.

ಕೇಂದ್ರ ಸರ್ಕಾರ ಹುಡುಕಿದ ದಾರಿ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರ. 2021ರ ಜುಲೈ 1ರಿಂದ ಜಾರಿಯಾದ ಈ ನಿಯಮದಲ್ಲಿ ಲಘು ವಾಹನದ ಪಾಠ ನಾಲ್ಕು ವಾರಗಳೊಳಗೆ 29 ಗಂಟೆ, ಅದರಲ್ಲಿ 21 ಗಂಟೆ ಕೈಯಾರೆ ಚಾಲನೆ. ಅಲ್ಲಿ ಪಾಸಾದವರಿಗೆ ಆರ್‌ಟಿಒ ಮುಂದೆ ಚಾಲನೆ ತೋರಿಸುವುದರಿಂದ ವಿನಾಯಿತಿ. ಕೇಂದ್ರಕ್ಕೆ ಬಯಲು ನಾಡಿನಲ್ಲಿ ಒಂದು ಎಕರೆ, ಭಾರಿ ವಾಹನಕ್ಕೆ ಎರಡು ಎಕರೆ ಜಾಗ ಬೇಕು. ಜಾಗ ನಮ್ಮ ಕಡೆ ಸಿಗುತ್ತದೆ. ಇಪ್ಪತ್ತೊಂಬತ್ತು ಗಂಟೆಗೆ ಫೀ ಕೊಟ್ಟು ಬರುವವರು ತಾಲ್ಲೂಕಿನಲ್ಲಿ ಎಷ್ಟು ಜನ ಸಿಗುತ್ತಾರೆ ಎಂಬುದರ ಮೇಲೆ ಅದರ ಅಳಿವು ಉಳಿವು.

ಹೊರಗಿನ ಅನುಭವ ಬೇರೊಂದು ದಿಕ್ಕು ತೋರಿಸುತ್ತದೆ. ಸ್ವೀಡನ್ 1993ರಲ್ಲಿ ಕಲಿಯುವ ವಯಸ್ಸನ್ನು ಹದಿನೇಳೂವರೆಯಿಂದ 16ಕ್ಕೆ ಇಳಿಸಿತು. ಪಕ್ಕಾ ಲೈಸೆನ್ಸಿನ ವಯಸ್ಸು 18ರಲ್ಲೇ ಉಳಿಯಿತು. ಎರಡು ವರ್ಷ ಹಿರಿಯರ ಪಕ್ಕದಲ್ಲಿ ಕೂತು ಓಡಿಸಿದವರಿಗೆ ಆಮೇಲೆ ಅಪಘಾತ ಕಡಿಮೆಯಾಯಿತು. ನ್ಯೂಜಿಲೆಂಡ್ 1987ರಲ್ಲೇ ಹಂತ ಹಂತದ ಲೈಸೆನ್ಸ್ ತಂದಿತು. ಮೊದಲು ಜೊತೆಗೊಬ್ಬರು, ಆಮೇಲೆ ರಾತ್ರಿಗೆ ಮತ್ತು ಸಂಗಡಿಗರಿಗೆ ಮಿತಿ, ಕೊನೆಗೆ ಪೂರ್ಣ ಪರವಾನಗಿ. ಇದನ್ನು ಓದಿದಾಗಲೆಲ್ಲ ನಮ್ಮ ಹೊಲಗಳ ನೆನಪಾಗುತ್ತದೆ. ಅಪ್ಪನ ಪಕ್ಕ ಎರಡು ವರ್ಷ ಕೂತು ಕಲಿಯುವ ಕ್ರಮ ನಮ್ಮಲ್ಲಿ ಆಗಲೇ ಇದೆ. ಕಾಯ್ದೆಗೆ ಅದು ಕಾಣುವುದಿಲ್ಲ, ಅದಕ್ಕೂ ಕಾಯ್ದೆ ಕಾಣುವುದಿಲ್ಲ.

ಟ್ರೈಲರ್ ಜೋಡಿಸಿದ ಮೇಲೆ

ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವನು ಟ್ರೈಲರ್ ಜೋಡಿಸಿ ಮಾಲು ಹೇರಿದರೆ ಆ ಲೈಸೆನ್ಸ್ ನಡೆಯುತ್ತದೆಯೇ? 2001ರಲ್ಲಿ ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಡೆಯುತ್ತದೆ ಎಂದಿತು, ಟ್ರೈಲರ್ ಜೋಡಿಸಿದ ಮಾತ್ರಕ್ಕೆ ಲೈಸೆನ್ಸ್ ಕೆಡುವುದಿಲ್ಲ ಎಂದಿತು. 2017ರಲ್ಲಿ ಮುಕುಂದ್ ದೇವಾಂಗನ್ ತೀರ್ಪು ಇದನ್ನು ವಿಸ್ತರಿಸಿ, ಮಾಲು ಸೇರಿ ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನಕ್ಕೂ ಲಘು ವಾಹನದ ಲೈಸೆನ್ಸ್ ಸಾಕೆಂದಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಒಕ್ಕಲಿಗರಿಗೂ ಸಣ್ಣ ಗೂಡ್ಸ್ ಗಾಡಿಯವರಿಗೂ ಇದು ದೊಡ್ಡ ನೆಮ್ಮದಿ. ಆದರೆ ಮೆಣಸಿನಕಾಯಿ ಚೀಲ ತುಂಬಿದ ಟ್ರೈಲರನ್ನು ಹಿಂದಕ್ಕೆ ತಿರುಗಿಸುವುದು ಬರಿಯ ಟ್ರ್ಯಾಕ್ಟರ್ ಹೊಡೆಯುವುದಕ್ಕಿಂತ ಬೇರೆಯದೇ ವಿದ್ಯೆ. ಅದನ್ನು ಯಾರು ಪರೀಕ್ಷಿಸಬೇಕೆಂದು ತೀರ್ಪುಗಳು ಹೇಳಬೇಕಾಗಿರಲಿಲ್ಲ, ಹೇಳಿಲ್ಲ.

ಇನ್ನೂ ತೀರದ್ದು

ಹದಿನಾರರಿಂದ ಹದಿನೆಂಟರ ನಡುವಿನ ಎರಡು ವರ್ಷ ಹಾಗೆಯೇ ಖಾಲಿ ಬಿದ್ದಿವೆ. 50 ಸಿಸಿಯ ಮಿತಿಯನ್ನು ಈಗಿನ ಮೊಪೆಡ್‌ಗಳಿಗೆ ಹೊಂದಿಸುವುದೋ, ತೆಗೆದೇ ಹಾಕುವುದೋ, ಇಲ್ಲ ಹಿರಿಯರ ಜೊತೆಯ ಕಲಿಕೆಗೆ ಒಂದು ಹೆಸರು ಕೊಡುವುದೋ ತೀರ್ಮಾನವಾಗಿಲ್ಲ. ಆರು ತಿಂಗಳ ಮಿತಿ ಮಳೆಗಾಲ ಮತ್ತು ಸುಗ್ಗಿಯನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂಬುದನ್ನು ಯಾರೂ ಗಟ್ಟಿಯಾಗಿ ಕೇಳಿದಂತಿಲ್ಲ. ಮನೆಯಲ್ಲೇ ಬರೆಯುವ ಪರೀಕ್ಷೆಯಲ್ಲಿ ಬೆರಳು ಯಾರದು, ಬುದ್ಧಿ ಯಾರದು ಎಂದು ಗುರುತಿಸುವುದು ಹೇಗೆ ಎಂಬುದೂ ಉಳಿದಿದೆ. ಸೆರಗು ಸರಿಸಿ ಪರೀಕ್ಷೆ ಪಾಸಾದ ಆ ಅಕ್ಕನಿಗೆ ಮರುದಿನದಿಂದ ಸ್ಕೂಟಿ ಕಲಿಸಬೇಕಾದವರು ಯಾರು? ತಾಲ್ಲೂಕಿನ ಡ್ರೈವಿಂಗ್ ಸ್ಕೂಲು ಕಲಿಸುವುದು ಹೆಚ್ಚಾಗಿ ಕಾರು, ಗಂಡ ಹೊಲದಲ್ಲಿದ್ದಾನೆ, ಮಗನಿಗೇ ಇನ್ನೂ ಲೈಸೆನ್ಸ್ ಇಲ್ಲ.

ಕೊನೆಗೆ ಆ ಹೆಂಟೆ ಬಿದ್ದ ಜಾಗ. ಹೊಲಕ್ಕೂ ಡಾಂಬರಿಗೂ ನಡುವೆ ಚಕ್ಕಡಿ ದಾರಿ ಇದೆ. ಜನರಿಗೆ ಹೋಗಿಬರುವ ಹಕ್ಕು ಇರುವ ಯಾವ ದಾರಿಯೂ ಸಾರ್ವಜನಿಕ ಸ್ಥಳ ಎನ್ನುತ್ತದೆ ಕಾಯ್ದೆ. ಊರಿನ ನಕಾಶೆಯಲ್ಲಿ ಗೆರೆ ಎಳೆದ ದಾರಿಗೆ ಈ ಮಾತು ಸಲ್ಲುತ್ತದೆ. ನಾಲ್ಕು ಮನೆಯವರು ಬದು ಒಡೆದು ತಮ್ಮತಮ್ಮೊಳಗೆ ಮಾಡಿಕೊಂಡ ದಾರಿಗೆ ಸಲ್ಲುತ್ತದೆಯೇ? ನಮ್ಮ ಕಾಕಾ ಕ್ಯಾರಿಯರ್ ಹಿಡಿದು ಓಡಿದ ದಾರಿ ಅಂಥದ್ದು. ಈಗ ಅದಕ್ಕೆ ಗರಸು ಹಾಕಿದ್ದಾರೆ, ಸಂಜೆ ಹೊತ್ತು ಅಲ್ಲಿ ಹುಡುಗರು ಎಕ್ಸ್‌ಎಲ್ ಕಲಿಯುತ್ತಿರುತ್ತಾರೆ.